ಬೀಗದ ಚಿಹ್ನೆ ಇದ್ದರೆ ನೆಟ್ ಬ್ಯಾಂಕಿಂಗ್ ಸುರಕ್ಷಿತವೇ? ಮನೆಯ ಕಂಪ್ಯೂಟರ್‌ನಲ್ಲಿ ನಿಮ್ಮ ಹಣವನ್ನು ನಿಜಕ್ಕೂ ಕಾಯುವುದು ಯಾವುದು?

"ವೆಬ್‌ಸೈಟ್ ವಿಳಾಸದ ಪಕ್ಕ ಬೀಗದ ಚಿಹ್ನೆ ಇದ್ದರೆ ಧೈರ್ಯವಾಗಿ ಹಣ ಕಳಿಸಿ." "ಪಾಸ್‌ವರ್ಡ್ ಅನ್ನು ಕೀಬೋರ್ಡ್‌ನಲ್ಲಿ ಒತ್ತಬೇಡಿ, ಸ್ಕ್ರೀನ್ ಮೇಲೆ ಬರುವ ಕೀಬೋರ್ಡ್ ಬಳಸಿ." "ಇನ್‌ಕಾಗ್ನಿಟೊ ವಿಂಡೋದಲ್ಲಿ ಬ್ಯಾಂಕ್ ಸೈಟ್ ತೆರೆದರೆ ಯಾರಿಗೂ ಏನೂ ಕದಿಯಲು ಆಗುವುದಿಲ್ಲ."

ಇಂಥ ಸಲಹೆಗಳು ವರ್ಷಗಳಿಂದ ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತುತ್ತಲೇ ಇವೆ. ಎಟಿಎಂನಲ್ಲಿ ಪಿನ್ ಉಲ್ಟಾ ಒತ್ತಿದರೆ ಪೊಲೀಸರು ಬರುತ್ತಾರೆ ಎಂಬ ಫಾರ್ವರ್ಡ್ ಶುದ್ಧ ಸುಳ್ಳು. ಇವು ಹಾಗಲ್ಲ, ಪ್ರತಿಯೊಂದರಲ್ಲೂ ಅರ್ಧದಷ್ಟು ನಿಜ ಇದೆ. ತೊಂದರೆ ಇರುವುದೂ ಅಲ್ಲೇ. ಪೂರ್ತಿ ಸುಳ್ಳನ್ನು ಯಾರಾದರೂ ಒಬ್ಬರು ಪ್ರಶ್ನಿಸುತ್ತಾರೆ. ಅರ್ಧ ನಿಜವನ್ನು ಎಲ್ಲರೂ ಒಪ್ಪಿಕೊಂಡು, ಉಳಿದರ್ಧದ ಬಗ್ಗೆ ನಿಶ್ಚಿಂತರಾಗಿಬಿಡುತ್ತಾರೆ.

ಮೊಬೈಲ್‌ಗಿಂತ ಮನೆಯ ಕಂಪ್ಯೂಟರ್ ಸುರಕ್ಷಿತ ಎಂದು ನಂಬುವವರು ಬಹಳ ಜನ. ಸ್ಕ್ರೀನ್ ದೊಡ್ಡದು, ಕಳೆದುಹೋಗುವ ಭಯ ಇಲ್ಲ, ಬಸ್ಸಿನಲ್ಲಿ ಪಕ್ಕದವರು ಇಣುಕುವುದಿಲ್ಲ. ಹಾಗಾಗಿ ಪಿಂಚಣಿ ಖಾತೆ, ಎಫ್‌ಡಿ, ಮಕ್ಕಳ ಕಾಲೇಜು ಫೀಸಿನಂತಹ ದೊಡ್ಡ ಮೊತ್ತದ ವ್ಯವಹಾರವನ್ನು ಮನೆಯ ಕಂಪ್ಯೂಟರ್‌ನಲ್ಲೇ ಮಾಡುವವರಿದ್ದಾರೆ. ದೊಡ್ಡ ಮೊತ್ತ ಅಲ್ಲಿದೆ ಅಂದಮೇಲೆ ಈ ಅರ್ಧ ನಿಜಗಳನ್ನು ಸ್ವಲ್ಪ ಬಿಡಿಸಿ ನೋಡೋಣ.

ಬೀಗ ಹೇಳುವುದೇನು, ಹೇಳದಿರುವುದೇನು?

ಬೀಗದ ಚಿಹ್ನೆಗೆ ಒಂದೇ ಅರ್ಥ: ನಿಮ್ಮ ಕಂಪ್ಯೂಟರ್‌ನಿಂದ ಆ ವೆಬ್‌ಸೈಟ್‌ವರೆಗಿನ ದಾರಿಯಲ್ಲಿ ನೀವು ಕಳಿಸುವುದನ್ನು ನಡುವೆ ಯಾರೂ ಓದಲಾರರು. ಅಂಚೆ ಲಕೋಟೆಗೆ ಗಟ್ಟಿಯಾಗಿ ಗೋಂದು ಹಚ್ಚಿದ ಹಾಗೆ. ಆದರೆ ಲಕೋಟೆಯ ಮೇಲೆ ಬರೆದ ವಿಳಾಸವೇ ಕಳ್ಳನ ಮನೆಯದಾಗಿದ್ದರೆ? ಗೋಂದು ಎಷ್ಟು ಗಟ್ಟಿಯಾಗಿದ್ದರೂ ಕಾಗದ ಕಳ್ಳನ ಕೈಗೇ ಸೇರುತ್ತದೆ.

ಈ ಬೀಗ ತೋರಿಸಲು ಬೇಕಾದ ಸರ್ಟಿಫಿಕೇಟ್ ಇವತ್ತು ಉಚಿತವಾಗಿ, ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಅದನ್ನು ಕೊಡುವ ವ್ಯವಸ್ಥೆ ನೋಡುವುದು "ಈ ವಿಳಾಸ ಇವರ ಹಿಡಿತದಲ್ಲಿದೆಯೇ" ಎಂಬುದನ್ನು ಮಾತ್ರ. "ಇವರು ಒಳ್ಳೆಯವರೇ" ಎಂದು ಅದು ಕೇಳುವುದಿಲ್ಲ. ಹಾಗಾಗಿ ನಕಲಿ ಬ್ಯಾಂಕ್ ಸೈಟ್‌ಗಳಿಗೂ ಬೀಗ ಇರುತ್ತದೆ. ಜನ ಈ ಚಿಹ್ನೆಯನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎಂಬ ಕಾರಣಕ್ಕೇ ಗೂಗಲ್ ತನ್ನ ಕ್ರೋಮ್ ಬ್ರೌಸರ್‌ನಿಂದ 2023ರ ಸೆಪ್ಟೆಂಬರ್‌ನಲ್ಲಿ ಬೀಗವನ್ನು ತೆಗೆದು, ಅದರ ಜಾಗದಲ್ಲಿ ಬೇರೊಂದು ಚಿಹ್ನೆ ಇಟ್ಟಿತು. ಬ್ರೌಸರ್ ಮಾಡಿದವರೇ ಕೈಬಿಟ್ಟ ಗುರುತನ್ನು ನಮ್ಮ ಫಾರ್ವರ್ಡ್‌ಗಳು ಇನ್ನೂ ಬಿಟ್ಟಿಲ್ಲ.

ಹಾಗಾದರೆ ನೋಡಬೇಕಾದ್ದು ಏನನ್ನು? ವಿಳಾಸವನ್ನು, ಅದರಲ್ಲೂ ವಿಳಾಸದ ಕೊನೆಯನ್ನು. ಭಾರತದ ಬ್ಯಾಂಕುಗಳೆಲ್ಲ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕು ಎಂದು ಆರ್‌ಬಿಐ 2025ರಲ್ಲಿ ಸೂಚಿಸಿತು. ಅದಕ್ಕೆ 2025ರ ಅಕ್ಟೋಬರ್ 31ರ ಗಡುವನ್ನೂ ಕೊಟ್ಟಿತು. ಡಾಟ್ ಕಾಮ್ ವಿಳಾಸವನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು. ಈ ಹೊಸ ವಿಳಾಸ ಹಾಗಲ್ಲ, ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಅದನ್ನು ಕೊಡುವ ಅಧಿಕಾರ ಇರುವುದು ಆರ್‌ಬಿಐ ಸ್ಥಾಪಿಸಿದ, ಹೈದರಾಬಾದ್‌ನಲ್ಲಿರುವ ಐಡಿಆರ್‌ಬಿಟಿ ಎಂಬ ಸಂಸ್ಥೆಗೆ ಮಾತ್ರ.

ಇಲ್ಲೊಂದು ಸೂಕ್ಷ್ಮ ಇದೆ. ವಿಳಾಸವನ್ನು ನಾವು ಎಡದಿಂದ ಓದುತ್ತೇವೆ, ಮೋಸಗಾರರಿಗೆ ಬೇಕಾಗಿರುವುದೂ ಅದೇ. ಮೊದಲಿಗೆ ನಿಮ್ಮ ಬ್ಯಾಂಕಿನ ಹೆಸರು, ಆಮೇಲೆ 'ಬ್ಯಾಂಕ್', 'ಇನ್' ಎಲ್ಲವನ್ನೂ ತುಂಬಿ, ಕೊನೆಯಲ್ಲಿ ತಮ್ಮ ವಿಳಾಸವನ್ನು ಸೇರಿಸುತ್ತಾರೆ. ಸೈಟ್ ನಿಜವಾಗಿ ಯಾರದು ಎಂದು ಹೇಳುವುದು ವಿಳಾಸದಲ್ಲಿ ಬರುವ ಮೊದಲ ಒಂಟಿ ಓರೆಗೆರೆಯ ಹಿಂದಿನ ಭಾಗ. (ಶುರುವಿನಲ್ಲೇ ಬರುವ ಜೋಡಿ ಓರೆಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.) ಆ ಒಂಟಿ ಗೆರೆಯಿಂದ ಹಿಂದಕ್ಕೆ, ಅಂದರೆ ಎಡಕ್ಕೆ ಓದಿ. ಅಕ್ಷರಗಳಲ್ಲೂ ಮೋಸ ಇರುತ್ತದೆ. ಇಂಗ್ಲಿಷಿನ ಆರ್ ಮತ್ತು ಎನ್ ಅನ್ನು ಒತ್ತಾಗಿ ಬರೆದರೆ ಎಮ್ ಥರವೇ ಕಾಣುತ್ತದೆ, ಅದೂ ಕನ್ನಡಕ ಹಾಕಿಕೊಳ್ಳದೆ ನೋಡಿದರಂತೂ ಕೇಳುವುದೇ ಬೇಡ.

ಪ್ರತಿ ಸಲ ಇಷ್ಟೆಲ್ಲ ಪರೀಕ್ಷೆ ಮಾಡಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಒಂದು ಸಲ ಮಾಡಿ. ಪಾಸ್‌ಬುಕ್ ಅಥವಾ ಚೆಕ್‌ಬುಕ್‌ನಲ್ಲಿರುವ ವಿಳಾಸವನ್ನು ಟೈಪ್ ಮಾಡಿ ತೆರೆಯಿರಿ. ಅದು ಹಳೆಯ ವಿಳಾಸವಾಗಿದ್ದರೆ ಬ್ಯಾಂಕೇ ನಿಮ್ಮನ್ನು ಹೊಸದಕ್ಕೆ ಕಳಿಸುತ್ತದೆ. ಕೊನೆ ಸರಿಯಾಗಿದೆಯೇ ಎಂದು ನೋಡಿ ಬುಕ್‌ಮಾರ್ಕ್ ಮಾಡಿಕೊಳ್ಳಿ. ಮುಂದೆ ಯಾವಾಗಲೂ ಆ ಬುಕ್‌ಮಾರ್ಕ್‌ನಿಂದಲೇ ಹೋಗಿ. ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಹುಡುಕಿ ಮೊದಲು ಬಂದದ್ದನ್ನು ಒತ್ತುವ ಅಭ್ಯಾಸ ಬಿಡಿ. ಮೊದಲು ಬರುವುದು ಎಷ್ಟೋ ಸಲ ಯಾರೋ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಕಸ್ಟಮರ್ ಕೇರ್ ನಂಬರಿಗೂ ಇದೇ ಮಾತು ಅನ್ವಯಿಸುತ್ತದೆ. ಹುಡುಕಿ ಸಿಕ್ಕ ನಂಬರ್ ಬೇಡ, ನಿಮ್ಮ ಡೆಬಿಟ್ ಕಾರ್ಡಿನ ಹಿಂಬದಿ ಮುದ್ರಿಸಿರುವ ನಂಬರೇ ಸಾಕು.

ಸ್ಕ್ರೀನ್ ಮೇಲಿನ ಕೀಬೋರ್ಡ್ ಮತ್ತು ಇನ್‌ಕಾಗ್ನಿಟೊ

ಒತ್ತಿದ ಕೀಲಿಗಳನ್ನು ಮಾತ್ರ ಕದ್ದು ಬರೆದುಕೊಳ್ಳುವ ಹಳೆಯ ಕಾಲದ ವೈರಸ್‌ಗಳಿಗೆ ಸ್ಕ್ರೀನ್ ಮೇಲಿನ ಕೀಬೋರ್ಡ್ ಒಂದು ಅಡ್ಡಿಯಾಗಿತ್ತು. ಈಗಿನವು ಸ್ಕ್ರೀನಿನ ಚಿತ್ರ ತೆಗೆಯುತ್ತವೆ, ನೀವು ತುಂಬಿದ ಫಾರಂ ಅನ್ನು ಬ್ರೌಸರ್ ಒಳಗಿಂದಲೇ ಎತ್ತಿಕೊಳ್ಳುತ್ತವೆ. ಬಳಸಿದರೆ ನಷ್ಟ ಇಲ್ಲ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಇನ್‌ಕಾಗ್ನಿಟೊ ಮಾಡುವುದು ಇನ್ನೂ ಕಡಿಮೆ. ನೀವು ಯಾವ ಸೈಟ್ ನೋಡಿದಿರಿ ಎಂಬುದನ್ನು ಅದೇ ಕಂಪ್ಯೂಟರ್ ಬಳಸುವ ಮನೆಯವರಿಗೆ ಕಾಣದಂತೆ ಮಾಡುತ್ತದೆ. ಕಂಪ್ಯೂಟರ್ ಒಳಗೇ ಕಳ್ಳ ಕೂತಿದ್ದರೆ ಅವನಿಗೆ ಇನ್‌ಕಾಗ್ನಿಟೊ, ಮಾಮೂಲಿ ವಿಂಡೋ ಎರಡೂ ಒಂದೇ.

ಆ ಕಳ್ಳ ಒಳಗೆ ಬರುವುದು ಹೇಗೆ?

ಇಲ್ಲಿ ನಮ್ಮ ಮನೆಗಳ ವಾಸ್ತವ ಮಾತಾಡಬೇಕು. ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರ್ ಮನೆಗೆ ಬರುವಾಗ ವಿಂಡೋಸ್, ಆಫೀಸ್ ಎಲ್ಲ 'ಹಾಕಿಕೊಟ್ಟೇ' ಇರುತ್ತದೆ. ಬಿಲ್‌ನಲ್ಲಿ ಅದಕ್ಕೆ ಬೆಲೆ ಇರುವುದಿಲ್ಲ. ನಕಲಿ ವಿಂಡೋಸ್ ನಡೆಯಬೇಕೆಂದರೆ 'ಆಕ್ಟಿವೇಟರ್' ಎಂಬ ಇನ್ನೊಂದು ಪ್ರೋಗ್ರಾಂ ಬೇಕು. ಅದನ್ನು ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಎಂದು ಅದೇ ಹೇಳುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ ಗೊತ್ತಿಲ್ಲದವರಿಗೆ ಬಾಗಿಲು ತೆರೆದಂತೆ ಆಯಿತಲ್ಲ? ಮಗ ಇಳಿಸಿಕೊಂಡ ಕ್ರ್ಯಾಕ್ ಮಾಡಿದ ಗೇಮ್, ಮಗಳು ಕಾಲೇಜಿನ ಕೆಲಸಕ್ಕೆ ಹಾಕಿಕೊಂಡ 'ಫ್ರೀ' ಫೋಟೋ ಎಡಿಟರ್ ಬರುವುದೂ ಇದೇ ದಾರಿಯಲ್ಲಿ.

ಇವುಗಳ ಜೊತೆ ಬರುವ ಒಂದು ಜಾತಿಯ ವೈರಸ್ ಕಂಪ್ಯೂಟರ್ ಹಾಳು ಮಾಡುವುದಿಲ್ಲ, ನಿಧಾನವನ್ನೂ ಮಾಡುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಒಟ್ಟಿಗೆ ಕದ್ದು ಕಳಿಸಿ ಸುಮ್ಮನಾಗುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ಬ್ರೌಸರ್‌ಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್‌ಗಳ ಮೇಲೂ ಕಣ್ಣಿರಲಿ. ಕೂಪನ್ ಹುಡುಕಿಕೊಡುವ, ವಿಡಿಯೋ ಇಳಿಸಿಕೊಡುವ ಎಷ್ಟೋ ಎಕ್ಸ್‌ಟೆನ್ಷನ್‌ಗಳು ಹಾಕುವಾಗಲೇ "ನೀವು ನೋಡುವ ಎಲ್ಲ ಸೈಟ್‌ಗಳ ಮಾಹಿತಿಯನ್ನು ಓದಲು, ಬದಲಿಸಲು" ಅನುಮತಿ ಕೇಳುತ್ತವೆ. 'ಎಲ್ಲ ಸೈಟ್' ಅಂದರೆ ಬ್ಯಾಂಕಿನದೂ ಸೇರಿತು.

ಇದಕ್ಕೆ ದುಬಾರಿ ಪರಿಹಾರ ಏನೂ ಬೇಕಿಲ್ಲ. ಬ್ಯಾಂಕಿಂಗ್‌ಗೆಂದೇ ಬೇರೆ ಬ್ರೌಸರ್ ಇಟ್ಟುಕೊಳ್ಳಿ, ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಬೇಡ. ಮಕ್ಕಳಿಗೆ ವಿಂಡೋಸ್‌ನಲ್ಲಿ ಪ್ರತ್ಯೇಕ ಯೂಸರ್ ಮಾಡಿಕೊಡಿ, ಅದಕ್ಕೆ ಅಡ್ಮಿನ್ ಅಧಿಕಾರ ಕೊಡಬೇಡಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಅನ್ನು ಆಫ್ ಮಾಡಬೇಡಿ, ಅಪ್‌ಡೇಟ್‌ಗಳನ್ನು ಮುಂದೂಡುತ್ತಾ ಹೋಗಬೇಡಿ. ನಿಮ್ಮದು ವಿಂಡೋಸ್ 10 ಆಗಿದ್ದರೆ, ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ ಎಂಬುದು ಗೊತ್ತಿರಲಿ. ಹೊಸ ಕಂಪ್ಯೂಟರ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮನೆಯಲ್ಲಿರುವುದು ನಕಲಿ ವಿಂಡೋಸ್ ಆಗಿದ್ದು ಬದಲಿಸುವ ಸ್ಥಿತಿ ಇಲ್ಲದಿದ್ದರೆ, ಬ್ಯಾಂಕಿಂಗ್ ಅನ್ನು ಅದರಲ್ಲಿ ಮಾಡದೆ ಅಪ್‌ಡೇಟ್ ಆಗಿರುವ ಮೊಬೈಲ್‌ನಲ್ಲಿ ಬ್ಯಾಂಕಿನದೇ ಆ್ಯಪ್‌ನಿಂದ ಮಾಡುವುದು ಮೇಲು ಎಂದು ನಾವು ನೇರವಾಗಿ ಹೇಳುತ್ತೇವೆ.

ವೈಫೈ ಬಗ್ಗೆ ಜನ ಬಹಳ ಹೆದರುತ್ತಾರೆ, ನಮ್ಮ ಪ್ರಕಾರ ಅಷ್ಟು ಬೇಕಿಲ್ಲ. ರೂಟರ್‌ನ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ದರೆ ಮನೆಯ ಮಟ್ಟಿಗೆ ಸಾಕು. ದಾರಿಯನ್ನು ಕಾಯಲು ಆಗಲೇ ಹೇಳಿದ ಲಕೋಟೆಯ ಗೋಂದು ಇದ್ದೇ ಇದೆ.

ನಿಮ್ಮ ಸ್ಕ್ರೀನೇ ಸುಳ್ಳು ಹೇಳಿದರೆ?

ವೈರಸ್ಸೇ ಇಲ್ಲದೆ ನಡೆಯುವ ಮೋಸವೂ ಇದೆ. ಕಂಪ್ಯೂಟರ್ ಬಳಸುತ್ತಿರುವಾಗ ಇದ್ದಕ್ಕಿದ್ದಂತೆ ಇಡೀ ಸ್ಕ್ರೀನ್ ಕೆಂಪಾಗಿ, ಸೈರನ್ ಶಬ್ದದೊಂದಿಗೆ "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎಂಬ ಸೂಚನೆ ಬರುತ್ತದೆ. ಅದು ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಬ್ರೌಸರ್ ಮುಚ್ಚಿ. ಆಗದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ. ಅಷ್ಟಕ್ಕೇ ಮುಗಿಯಿತು.

ಫೋನ್ ಮಾಡಿದರೆ ಮಾತ್ರ ಕಥೆ ಮುಂದುವರಿಯುತ್ತದೆ. ಅತ್ತಲಿಂದ ಮಾತಾಡುವವರು ಬಹಳ ಮರ್ಯಾದೆಯಿಂದ "ಸರ್, ನಾವೇ ಸರಿ ಮಾಡಿಕೊಡುತ್ತೇವೆ, ಒಂದು ಸಣ್ಣ ಸಾಫ್ಟ್‌ವೇರ್ ಹಾಕಿಕೊಳ್ಳಿ" ಎನ್ನುತ್ತಾರೆ. ಎನಿಡೆಸ್ಕ್ ಥರದ ಸಾಫ್ಟ್‌ವೇರ್‌ಗಳು ಅವು. ಹಾಗೆ ನೋಡಿದರೆ ಇವು ಕೆಟ್ಟವಲ್ಲ. ಕಂಪೆನಿಗಳ ಐಟಿ ವಿಭಾಗದವರು ದೂರದಲ್ಲಿ ಕೂತು ಕಂಪ್ಯೂಟರ್ ರಿಪೇರಿ ಮಾಡಲು ದಿನವೂ ಬಳಸುತ್ತಾರೆ. ಆದರೆ ಕೋಡ್ ಹೇಳಿದ ಕ್ಷಣ ನಿಮ್ಮ ಮೌಸ್ ಅವರ ಕೈಗೆ ಹೋಗುತ್ತದೆ. ಈ ದಾರಿಯ ವಂಚನೆ ಬಗ್ಗೆ ಆರ್‌ಬಿಐ 2019ರ ಫೆಬ್ರುವರಿಯಲ್ಲೇ ಎನಿಡೆಸ್ಕ್ ಹೆಸರು ಹೇಳಿ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಮುಂದಿನ ಹೆಜ್ಜೆ ಬಹಳ ಜನಕ್ಕೆ ಗೊತ್ತಿಲ್ಲ. "ನಿಮಗೆ 2,000 ರೂಪಾಯಿ ರೀಫಂಡ್ ಬರಬೇಕು, ಬ್ಯಾಂಕ್ ಸೈಟ್ ತೆರೆಯಿರಿ" ಎನ್ನುತ್ತಾರೆ. ನೀವು ಬುಕ್‌ಮಾರ್ಕ್‌ನಿಂದಲೇ ಅಸಲಿ ಸೈಟ್ ತೆರೆದು ಲಾಗಿನ್ ಆಗುತ್ತೀರಿ. ಸ್ಕ್ರೀನ್ ಒಂದು ಗಳಿಗೆ ಕಪ್ಪಾಗುತ್ತದೆ. ಮತ್ತೆ ಬೆಳಕಾದಾಗ ನಿಮ್ಮ ಖಾತೆಯಲ್ಲಿ 20,000 ಜಮಾ ಆಗಿರುವುದು ಕಾಣುತ್ತದೆ. "ಅಯ್ಯೋ, ಒಂದು ಸೊನ್ನೆ ಹೆಚ್ಚು ಹೋಯಿತು, ನನ್ನ ಕೆಲಸ ಹೋಗುತ್ತದೆ, ದಯವಿಟ್ಟು 18,000 ವಾಪಸ್ ಹಾಕಿ ಸರ್" ಎಂದು ಅತ್ತಲಿನವರು ಅಳುತ್ತಾರೆ. ಒಳ್ಳೆಯ ಮನಸ್ಸಿನವರು ಹಾಕಿಬಿಡುತ್ತಾರೆ.

ವಾಸ್ತವದಲ್ಲಿ ಒಂದು ರೂಪಾಯಿಯೂ ಬಂದಿರುವುದಿಲ್ಲ. ಬ್ರೌಸರ್‌ನಲ್ಲಿ ಕಾಣುವ ಯಾವ ಪುಟದ ಅಕ್ಷರವನ್ನಾದರೂ ನಮ್ಮ ಕಂಪ್ಯೂಟರ್‌ನಲ್ಲಿ ಬದಲಿಸಿ ತೋರಿಸಬಹುದು. ವೆಬ್‌ಸೈಟ್ ಕಟ್ಟುವವರಿಗೆಂದು ಬ್ರೌಸರ್‌ಗಳಲ್ಲಿ 'ಇನ್‌ಸ್ಪೆಕ್ಟ್' ಎಂಬ ಸೌಲಭ್ಯ ಇದೆ, ಬದಲಿಸಲು ಕೆಲವು ಸೆಕೆಂಡ್ ಸಾಕು. ಬ್ಯಾಂಕಿನ ಲೆಕ್ಕದಲ್ಲಿ ಏನೂ ಬದಲಾಗಿರುವುದಿಲ್ಲ, ಪುಟವನ್ನು ರಿಫ್ರೆಶ್ ಮಾಡಿದರೆ ಹಳೆಯ ಮೊತ್ತ ಮತ್ತೆ ಬರುತ್ತದೆ. ವಾಟ್ಸಾಪ್‌ನಲ್ಲಿ ಓಡಾಡುವ ಎಷ್ಟೋ "ಬ್ಯಾಂಕ್ ಸ್ಕ್ರೀನ್‌ಶಾಟ್"ಗಳು ತಯಾರಾಗುವುದೂ ಹೀಗೆಯೇ.

ಹಾಗಾದರೆ ಯಾರನ್ನು ನಂಬುವುದು?

ವಿಳಾಸ ಅಸಲಿ, ಬೀಗ ಅಸಲಿ, ಆದರೂ ಸ್ಕ್ರೀನ್ ಮೇಲಿನ ಮೊತ್ತ ಸುಳ್ಳು. ಇಂಥ ಹೊತ್ತಲ್ಲಿ ಉಳಿಯುವ ಒಂದು ಗಟ್ಟಿ ಆಸರೆ ಕಂಪ್ಯೂಟರ್‌ನ ಹೊರಗಿದೆ. ಅದು ನಿಮ್ಮ ಮೊಬೈಲ್‌ಗೆ ಬರುವ ಒಟಿಪಿ ಮೆಸೇಜ್. ಒಟಿಪಿ ಅಲ್ಲ, ಒಟಿಪಿ ಇರುವ ಮೆಸೇಜ್. ಈ ವ್ಯತ್ಯಾಸ ಮುಖ್ಯ.

ಮೆಸೇಜ್ ಬಂದಾಗ ನಮ್ಮ ಕಣ್ಣು ನೇರವಾಗಿ ಆರು ಅಂಕಿಯ ಮೇಲೆ ಹೋಗುತ್ತದೆ. ಉಳಿದದ್ದು ಇಂಗ್ಲಿಷ್, ಯಾರು ಓದುತ್ತಾರೆ? ಆದರೆ ಬ್ಯಾಂಕ್ ನಿಮಗೆ ನಿಜ ಹೇಳುತ್ತಿರುವುದು ಆ ಉಳಿದ ಸಾಲಿನಲ್ಲೇ. ಎಷ್ಟು ಹಣ, ಯಾವ ಕೆಲಸಕ್ಕೆ, ಎಷ್ಟೋ ಸಲ ಯಾರಿಗೆ ಎಂಬುದೂ ಅದರಲ್ಲಿ ಇರುತ್ತದೆ.

ನಕಲಿ ಸೈಟ್‌ನವರು ಒಟಿಪಿಯನ್ನು ದಾಟುವ ಬಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ನೀವು ನಕಲಿ ಸೈಟ್‌ನಲ್ಲಿ ಯೂಸರ್ ಐಡಿ, ಪಾಸ್‌ವರ್ಡ್ ಹಾಕುತ್ತೀರಿ. ಅದೇ ಕ್ಷಣ ಅವರು ಅದನ್ನು ಅಸಲಿ ಸೈಟ್‌ನಲ್ಲಿ ಹಾಕಿ ಒಳಗೆ ಹೋಗಿ ಹಣ ಕಳಿಸಲು ಒತ್ತುತ್ತಾರೆ. ಅಸಲಿ ಬ್ಯಾಂಕ್ ನಿಮ್ಮ ಮೊಬೈಲ್‌ಗೆ ಅಸಲಿ ಒಟಿಪಿಯನ್ನೇ ಕಳಿಸುತ್ತದೆ. "ಒಟಿಪಿ ಬ್ಯಾಂಕಿನಿಂದಲೇ ಬಂತಲ್ಲ, ಹಾಗಾದರೆ ಸೈಟೂ ಸರಿ ಇರಬೇಕು" ಎಂದುಕೊಂಡು ನೀವು ಅದನ್ನು ನಕಲಿ ಸೈಟ್‌ನಲ್ಲಿ ತುಂಬುತ್ತೀರಿ. ಆದರೆ ನೀವು ಮಾಡುತ್ತಿದ್ದದ್ದು ಲಾಗಿನ್. ಮೆಸೇಜ್‌ನಲ್ಲಿ ಇದ್ದದ್ದು 49,000 ರೂಪಾಯಿ ಕಳಿಸಲು ಒಟಿಪಿ ಎಂದು. ಓದಿದ್ದರೆ ಅಲ್ಲೇ ತಿಳಿಯುತ್ತಿತ್ತು.

ಇಂಗ್ಲಿಷ್ ಬಾರದ ಹಿರಿಯರಿಗೆ ಇಡೀ ಮೆಸೇಜ್ ಅರ್ಥವಾಗಬೇಕಿಲ್ಲ. ಲಾಗಿನ್, ಡೆಬಿಟ್, ಟ್ರಾನ್ಸ್‌ಫರ್, ಬೆನಿಫಿಶಿಯರಿ ಎಂಬ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಗುರುತಿಸಲು ಬಂದರೆ ಬಹುಪಾಲು ಕೆಲಸ ಆದಂತೆ. ಬೆನಿಫಿಶಿಯರಿ ಅಂದರೆ ನಿಮ್ಮ ಖಾತೆಯಿಂದ ಹಣ ಪಡೆಯುವವರ ಪಟ್ಟಿಗೆ ಹೊಸಬರನ್ನು ಸೇರಿಸುವುದು. ನೀವು ಯಾರನ್ನೂ ಸೇರಿಸದಿದ್ದಾಗ ಆ ಪದ ಬಂದರೆ ಅಲ್ಲೇ ನಿಲ್ಲಿಸಿ. ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಮಾನಿಟರ್ ಪಕ್ಕ ಅಂಟಿಸಿ ಕೊಡುವುದು ಮಕ್ಕಳು, ಮೊಮ್ಮಕ್ಕಳು ಮಾಡಬಹುದಾದ ಐದು ನಿಮಿಷದ ಕೆಲಸ. (ಅದೇ ಮಾನಿಟರ್ ಪಕ್ಕ ಪಾಸ್‌ವರ್ಡ್ ಅಂಟಿಸಿದ್ದರೆ ಮೊದಲು ಅದನ್ನು ಕಿತ್ತುಹಾಕಿ!)

ಈ ಆಸರೆ ಗಟ್ಟಿಯಾಗಿರುವುದು ಕಂಪ್ಯೂಟರ್ ಬೇರೆ, ಮೊಬೈಲ್ ಬೇರೆ ಆಗಿರುವವರೆಗೆ ಮಾತ್ರ. ಮೊಬೈಲ್‌ನ ಮೆಸೇಜ್‌ಗಳು ಕಂಪ್ಯೂಟರ್‌ನಲ್ಲೂ ಕಾಣುವಂತೆ ಮಾಡುವ ಸೌಲಭ್ಯಗಳು ಈಗ ಬಂದಿವೆ. ವಿಂಡೋಸ್‌ನ ಫೋನ್ ಲಿಂಕ್, ಗೂಗಲ್ ಮೆಸೇಜಸ್‌ನ ವೆಬ್ ರೂಪ ಅಂಥವು. ಅನುಕೂಲವೇನೋ ಹೌದು. ಆದರೆ ಕಂಪ್ಯೂಟರ್‌ನಲ್ಲಿ ಕೂತ ಕಳ್ಳನಿಗೆ ಪಾಸ್‌ವರ್ಡ್ ಜೊತೆ ಒಟಿಪಿಯನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದ ಹಾಗೆ. ಬ್ಯಾಂಕಿಂಗ್ ಮಾಡುವ ಕಂಪ್ಯೂಟರ್‌ನಲ್ಲಿ ಇವನ್ನು ಆನ್ ಮಾಡಿದ್ದರೆ ತೆಗೆದುಬಿಡಿ. ಒಟಿಪಿ ಇಮೇಲ್‌ಗೂ ಬರುವಂತೆ ಇಟ್ಟುಕೊಂಡು, ಆ ಇಮೇಲ್ ಅನ್ನು ಅದೇ ಕಂಪ್ಯೂಟರ್‌ನಲ್ಲಿ ತೆರೆದಿಟ್ಟಿದ್ದರೂ ಅದೇ ತೊಂದರೆ. ಹಾಗೆಯೇ ಮೊಬೈಲ್ ನಂಬರ್ ಬದಲಾದಾಗ ಮೊದಲು ತಿಳಿಸಬೇಕಾದ್ದು ಬ್ಯಾಂಕಿಗೆ, ಆಮೇಲೆ ನೆಂಟರಿಷ್ಟರಿಗೆ.

ಜೊತೆಗೆ ನಷ್ಟಕ್ಕೊಂದು ಮಿತಿ ಹಾಕಿಕೊಳ್ಳಿ. ನೆಟ್ ಬ್ಯಾಂಕಿಂಗ್‌ನಲ್ಲಿ ದಿನಕ್ಕೆ ಇಷ್ಟೇ ಹಣ ಹೋಗಬೇಕು ಎಂದು ನೀವೇ ಕಡಿಮೆ ಮಾಡಿಟ್ಟುಕೊಳ್ಳಬಹುದು. ಕಾರ್ಡುಗಳಿಗೆ ಆನ್‌ಲೈನ್ ಬಳಕೆ, ವಿದೇಶಿ ಬಳಕೆಯನ್ನು ಬೇಕೆಂದಾಗ ಆನ್, ಬೇಡವೆಂದಾಗ ಆಫ್ ಮಾಡುವ ಅನುಕೂಲವನ್ನು ಬ್ಯಾಂಕುಗಳು ಕೊಡಬೇಕು ಎಂದು ಆರ್‌ಬಿಐ 2020ರಲ್ಲೇ ನಿಯಮ ಮಾಡಿದೆ.

ಹಣ ಹೋಗಿಯೇಬಿಟ್ಟರೆ?

ಮೊದಲ ಫೋನ್ 1930ಕ್ಕೆ. ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಕಮಿಷನ್ ಆಸೆಗೆ ತಮ್ಮ ಖಾತೆಯನ್ನು ಬಾಡಿಗೆಗೆ ಕೊಟ್ಟವರ ಖಾತೆಗಳು ಅವು. ಕೊನೆಗೆ ಯಾವುದೋ ಎಟಿಎಂನಲ್ಲಿ ನಗದಾಗುತ್ತದೆ. ನಗದಾಗುವ ಮೊದಲು ನಿಮ್ಮ ದೂರು ಆ ಬ್ಯಾಂಕನ್ನು ತಲುಪಿದರೆ ಹಣವನ್ನು ಅಲ್ಲೇ ತಡೆಹಿಡಿಯಬಹುದು. ಹಾಗಾಗಿ ಇಲ್ಲಿ ಲೆಕ್ಕ ನಿಮಿಷಗಳದ್ದು. ಜೊತೆಜೊತೆಗೇ ಬ್ಯಾಂಕಿಗೆ ಫೋನ್ ಮಾಡಿ ಖಾತೆ, ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಂಪ್ಯೂಟರ್‌ನ ಇಂಟರ್ನೆಟ್ ಕಿತ್ತುಹಾಕಿ, ಪಾಸ್‌ವರ್ಡ್ ಅನ್ನು ಬೇರೆ ಸಾಧನದಿಂದ ಬದಲಿಸಿ. ಕರ್ನಾಟಕದಲ್ಲಾದರೆ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗಳು ಇಂಥ ಪ್ರಕರಣಗಳನ್ನು ನೋಡಿಕೊಳ್ಳುತ್ತವೆ.

"ಒಂದು ಸಲ ಹೋದ ಹಣ ಬ್ಯಾಂಕ್ ಕೊಡುವುದೇ ಇಲ್ಲ" ಎಂಬುದು ಮತ್ತೊಂದು ಅರ್ಧ ನಿಜ. ಆರ್‌ಬಿಐ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಈ ಬಗ್ಗೆ ಸ್ಪಷ್ಟವಾಗಿದೆ. ತಪ್ಪು ಬ್ಯಾಂಕಿನದಾಗಿದ್ದರೆ ನಿಮಗೆ ನಷ್ಟ ಇಲ್ಲ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಬೇರೆಲ್ಲೋ ಆಗಿದ್ದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ನಷ್ಟ ಇಲ್ಲ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆಗೆ ಒಂದು ಮಿತಿ ಇದೆ. ಸಾಮಾನ್ಯ ಉಳಿತಾಯ ಖಾತೆಗೆ ಅದು ಹೆಚ್ಚೆಂದರೆ 10,000 ರೂಪಾಯಿ. ಆ ಮೇಲೆ ಬ್ಯಾಂಕಿನ ಸ್ವಂತ ನೀತಿಯಂತೆ. ತಪ್ಪು ಗ್ರಾಹಕರದೇ ಎಂದು ಬ್ಯಾಂಕ್ ಹೇಳಿದರೆ ಅದನ್ನು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ.

ಆದರೆ ಒಟಿಪಿ, ಪಾಸ್‌ವರ್ಡ್ ಅನ್ನು ನೀವೇ ಹೇಳಿದ್ದರೆ ಲೆಕ್ಕ ಬೇರೆ. ಆಗ ದೂರು ಕೊಡುವವರೆಗೆ ಹೋದ ಹಣ ನಿಮ್ಮ ತಲೆಯ ಮೇಲೆ, ದೂರು ಕೊಟ್ಟ ಮೇಲೆ ಹೋದದ್ದು ಬ್ಯಾಂಕಿನ ತಲೆಯ ಮೇಲೆ. ಮರ್ಯಾದೆಗೆ ಅಂಜಿ "ನಾಳೆ ಮಗ ಬಂದ ಮೇಲೆ ಹೇಳೋಣ" ಎಂದು ಕೂತವರು ಕಳೆದುಕೊಳ್ಳುವುದು ಇಲ್ಲೇ. ಮೋಸ ಹೋದವರನ್ನು ಬೈಯುವ ಮನೆಗಳಲ್ಲಿ ದೂರು ತಡವಾಗುತ್ತದೆ, ಕಳ್ಳರಿಗೆ ಅಷ್ಟು ಹೊತ್ತು ಸಾಕು.

ದೂರು ಕೊಟ್ಟ 30 ದಿನಗಳಾದರೂ ಬ್ಯಾಂಕ್ ಉತ್ತರಿಸದಿದ್ದರೆ, ಅಥವಾ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ, ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ ಆರ್‌ಬಿಐನ 14448 ನಂಬರಿಗೆ ಫೋನ್ ಮಾಡಬಹುದು.